ಸದ್ದು ಮಾಡಿಕೊಂಡು ಹೋಗು, ತಮ್ಮಾ

ಮೊನ್ನೆ ನಿನ್ನ ಹೊಸ ಗೇರ್ ಸೈಕಲ್ ತಂದು ನಮ್ಮ ಕಟ್ಟೆಯ ಮುಂದೆ ನಿಲ್ಲಿಸಿದೆಯಲ್ಲ, ನೀನು ಒಳಗೆ ನೀರು ಕುಡಿಯಲು ಹೋದಾಗ ನಾನೂ ಓಣಿಯ ಕೊನೆಯವರೆಗೆ ತುಳಿದು ನೋಡಿದೆ. ನಗಬೇಡ, ಬೀಳಲಿಲ್ಲ. ತುಳಿಯುವಾಗ ಅದರಿಂದ ಒಂದಿಷ್ಟೂ ಸದ್ದು ಬರಲಿಲ್ಲ. ಎಲ್ಲರೂ ಅದರ ಗುಣ ಅಂತ ಹೊಗಳುವುದು ಅದನ್ನೇ. ನನಗೆ ಮಾತ್ರ ಅವತ್ತಿನಿಂದ ಅದೇ ಮನಸ್ಸಿನಲ್ಲಿ ಕೊರೆಯುತ್ತಿದೆ.

ಮೇಷ್ಟ್ರಾಗಿದ್ದಾಗ ನನ್ನ ಹತ್ತಿರ ಇದ್ದ ಸೈಕಲ್ಲಿಗೆ ಬೆಲ್ ಒಂದು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಮಡ್‌ಗಾರ್ಡ್ ಲಟಲಟ, ಚೈನ್ ಕವರ್ ಗರಗರ, ಕ್ಯಾರಿಯರ್‌ಗೆ ಕಟ್ಟಿದ ಬುತ್ತಿಯ ಡಬ್ಬಿ ಬೇರೆ. ಹುಡುಗರು ಆಡಿಕೊಳ್ಳುತ್ತಿದ್ದರು. ಆದರೆ ಕೂಡ್ಲಿಗಿ ಸೀಮೆಯ ಗುಡ್ಡಗಳ ನಡುವಿನ ಬಂಡಿ ಜಾಡಿನಲ್ಲಿ ಅಷ್ಟು ವರ್ಷ ಹೋಗಿ ಬಂದು ಮೈಮೇಲೆ ಒಂದು ಗೀರೂ ಇಲ್ಲದೆ ಉಳಿದಿದ್ದೇನೆ ಅಂದರೆ ಆ ಲಟಲಟದ ದೆಸೆಯಿಂದಲೇ ಅಂತ ಈಗ ಅನಿಸುತ್ತದೆ.

ನೀನು ಕೇಳಿದ್ದು ಹಾದಿ. ಹೊಸಪೇಟೆ ಬಿಟ್ಟು ನಮ್ಮ ಜಿಲ್ಲೆಯ ಉಳಿದ ಐದು ತಾಲ್ಲೂಕು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವನ್ನು ಡಾಂಬರು ಮುಟ್ಟದೆ ಅಡವಿ, ಗುಡ್ಡದ ಮೇಲೇ ಜೋಡಿಸಬಹುದಾ ಅಂತ. ಸೈಕಲ್ಲಿನವರೂ ಬರಬೇಕು, ನಡೆಯುವವರೂ ಬರಬೇಕು, ಓಡುವವರೂ ಬರಬೇಕು ಅಂದೆ. ಆಸೆ ತಪ್ಪಲ್ಲ. ರಾಷ್ಟ್ರೀಯ ಹೆದ್ದಾರಿ 50ರ ಲಾರಿಗಳ ಪಕ್ಕದಲ್ಲಿ ಬೆಳಗಿನ ಜಾವ ಓಡುವ ಮಕ್ಕಳನ್ನು ನೋಡಿದರೆ ನನಗೇ ಎದೆ ಝಲ್ಲೆನ್ನುತ್ತದೆ. ಪೊಲೀಸ್ ಪೇದೆ ಕೆಲಸಕ್ಕೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಂತೆ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ. ಅಷ್ಟಕ್ಕೆ ಒಂದು ಸರಿಯಾದ ಜಾಗ ಊರಲ್ಲಿ ಇಲ್ಲದಿದ್ದರೆ ಅವರಾದರೂ ಎಲ್ಲಿಗೆ ಹೋಗಬೇಕು?

ಆದರೆ ಹಾದಿಯನ್ನು ನೀನೂ ನಿನ್ನ ಗುಂಪಿನವರೂ ಹೊಸದಾಗಿ ಕಡಿಯಬೇಕಾಗಿಲ್ಲ. ಈ ಸೀಮೆಯಲ್ಲಿ ಹಾದಿಗೆ ಯಾವತ್ತೂ ಬರ ಬಂದಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆ ಬರುವವರನ್ನು ನೋಡಿದ್ದೀಯ. ಭಾರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರ್ಣಿಕ ಕೇಳಲು ಸಾಲುಬಂಡಿ ಹೂಡಿಕೊಂಡು ಹೋಗುವವರು ಈಗಲೂ ಇದ್ದಾರೆ. ಉಚ್ಚಂಗಿದುರ್ಗದ ಮೆಟ್ಟಿಲು ಸವೆದದ್ದು ಕಾಲಿನಿಂದಲೇ. ಇವರಲ್ಲದೆ ಕುರಿಯವರ ಹಾದಿ, ಸೌದೆಯವರ ಹಾದಿ, ಹೊಲಕ್ಕೆ ಹೋಗುವ ಬಂಡಿ ಜಾಡು. ಎತ್ತು ತುಳಿದ ಹಾದಿ ಎಲ್ಲಿ ಏರಬೇಕು, ಎಲ್ಲಿ ಬಳಸಬೇಕು ಎಂಬುದನ್ನು ಇಂಜಿನಿಯರ್‌ಗಿಂತ ಚೆನ್ನಾಗಿ ಬಲ್ಲದು. ಅವುಗಳಲ್ಲೇ ಬಿಟ್ಟುಹೋದವನ್ನು ಹುಡುಕಿ, ಸರ್ವೆ ನಕ್ಷೆ ನೋಡಿ, ಊರವರನ್ನು ಕೇಳಿ. ಹಾದಿ ಮಾಡುತ್ತೇವೆ ಅಂತ ಗೇಟು, ಬೇಲಿ, ಸಿಮೆಂಟಿನ ಬೆಂಚು ತರಬೇಡಿ. ಬೆಂಗಳೂರಿನ ದಕ್ಷಿಣದ ಅಂಚಿಗಿರುವ ತುರಹಳ್ಳಿ ಕಾಡಿನಲ್ಲಿ ನಡೆಯುವವರೂ ಓಡುವವರೂ ಸೈಕಲ್ಲಿನವರೂ ಬಹಳ ವರ್ಷಗಳಿಂದ ಇದ್ದಾರೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಮಾತು ಬಂದಾಗ, ಕಾಡು ಕಾಡಾಗಿಯೇ ಇರಲಿ ಅಂತ ಬೀದಿಗೆ ಬಂದವರು ಅಲ್ಲಿಯ ಜನರೇ.

ಈಗ ಆ ಸದ್ದಿನ ಮಾತಿಗೆ, ಅಂದರೆ ಕರಡಿಯ ಮಾತಿಗೆ ಬರೋಣ. ಬೇರೆಯವರು ನಿನಗೆ ಟೈರು, ಹೆಲ್ಮೆಟ್ಟು ಎಲ್ಲ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು 2013ರಲ್ಲಿ ಕರಡಿಧಾಮ ಅಂತ ಘೋಷಿಸಿದರು. ಅದಕ್ಕೂ ಮೊದಲೇ, 1994ರಲ್ಲಿ, ದರೋಜಿಯದು ಆಗಿತ್ತು. ಕರಡಿಗೆ ಘೋಷಣೆ ಓದಲು ಬರುವುದಿಲ್ಲವಲ್ಲ, ಹಾಗಾಗಿ ಅದು ಧಾಮದ ಗೆರೆಯ ಒಳಗೇ ಇರುವುದಿಲ್ಲ. ದೊಡ್ಡ ಬಂಡೆ ಒಂದರ ಮೇಲೊಂದು ಒಟ್ಟಿದಂತಿರುವ ಗುಡ್ಡ, ಬಂಡೆಯ ಸಂದಿನಲ್ಲಿ ತಣ್ಣಗಿನ ಪೊಟರೆ, ಸುತ್ತ ಕಾರೆ, ಕವಳಿ, ಬಾರಿ ಗಿಡ, ಹತ್ತಿರದಲ್ಲೊಂದು ಶೇಂಗಾ ಹೊಲ. ಇಷ್ಟಿದ್ದರೆ ಅದಕ್ಕೆ ಅದೇ ಊರು. ಹಗಲೆಲ್ಲ ಪೊಟರೆಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಎದ್ದು, ಬೆಳಕು ಹರಿಯುವ ಹೊತ್ತಿಗೆ ತಿರುಗಿ ಬರುತ್ತದೆ. ನಿಮ್ಮ ಓಟದ ಹುಡುಗರು ಶೂ ಕಟ್ಟುವ ಹೊತ್ತೂ ಅದೇ.

ಅದರ ಮೂಗು ಬಲು ಚುರುಕು, ಕಣ್ಣು ಮಂದ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಅದಕ್ಕೆ ಇಲ್ಲ. ಆ ಸಂದಿನಿಂದಲೇ ಹುತ್ತದ ಗೆದ್ದಲನ್ನು ಗಾಳಿಯ ಜೊತೆ ಹೀರುತ್ತದೆ. ಆ ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಹಾಗೆ ಹೀರುತ್ತ ಕೂತಾಗ ತನ್ನ ಸದ್ದಿನಲ್ಲಿ ಅದಕ್ಕೆ ನಿನ್ನ ಸದ್ದು ಕೇಳುವುದಿಲ್ಲ. ಗಾಳಿ ಅದರ ಕಡೆಯಿಂದ ನಿನ್ನ ಕಡೆಗೆ ಬೀಸುತ್ತಿದ್ದರೆ ವಾಸನೆಯೂ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ತಿರುವು ತಿರುಗಿ ಹತ್ತು ಹೆಜ್ಜೆ ದೂರದಲ್ಲಿ ನೀನು ಧುತ್ತೆಂದು ನಿಂತರೆ, ಓಡುವುದೋ ಮೇಲೆ ಬೀಳುವುದೋ ಅಂತ ಯೋಚಿಸಲು ಅದಕ್ಕೆ ಪುರುಸೊತ್ತಿಲ್ಲ. ಹೆದರಿ ಬೀಳುತ್ತದೆ. ಅದರ ಉಗುರು ಗೆದ್ದಲ ಹುತ್ತ ಒಡೆಯಲು ಆದದ್ದು. ಮುಖಕ್ಕೆ ತಗುಲಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಕೇಳು, ತೋರಿಸುವವರು ಸಿಗುತ್ತಾರೆ. ಚಳಿಗಾಲದಲ್ಲಿ ಹುಟ್ಟಿದ ಮರಿಗಳನ್ನು ತಾಯಿ ಬೇಸಿಗೆಯ ಮೊದಲಲ್ಲಿ ಬೆನ್ನ ಮೇಲೆ ಹೊತ್ತು ಹೊರಗೆ ತರುತ್ತಾಳೆ. ಕೊಟ್ಟೂರ ತೇರಿನ ಸುಮಾರಿಗೆ ಅನ್ನು. ಆಗ ಇನ್ನೂ ಎರಡು ಪಟ್ಟು ಎಚ್ಚರ ಬೇಕು.

ನಡೆಯುವವರು ಗುಂಪಾಗಿ ಮಾತಾಡುತ್ತ ಹೋಗುತ್ತಾರೆ. ಅವರ ಮಾತು ಅವರಿಗಿಂತ ಮುಂದೆ ಹೋಗಿ ದಾರಿ ಬಿಡಿಸುತ್ತದೆ. ಓಡುವವನಿಗೆ ಮಾತಾಡಲು ಉಸಿರಿಲ್ಲ, ಆದರೂ ಕಾಲಿನ ಸಪ್ಪಳ ಉಂಟು. ನಿನ್ನ ಸೈಕಲ್ಲಿಗೆ ಅದೂ ಇಲ್ಲ, ಮೇಲಾಗಿ ಅದು ಓಡುವವನ ಎರಡರಷ್ಟು ವೇಗ. ನನ್ನ ತಲೆಯೊಳಗೆ ಕೊರೆಯುತ್ತಿರುವುದು ಇದೇ.

ಇದು ಮುದುಕನ ಹೆದರಿಕೆ ಅನ್ನಬೇಡ. 2016ರ ಜೂನ್‌ನಲ್ಲಿ ಅಮೆರಿಕದ ಮೊಂಟಾನಾದಲ್ಲಿ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಹತ್ತಿರ, ಕಾಡಿನ ಹಾದಿಯಲ್ಲಿ ಬೆಟ್ಟದ ಸೈಕಲ್ ಓಡಿಸುತ್ತಿದ್ದವನೊಬ್ಬ ಮರೆಯ ತಿರುವಿನಲ್ಲಿ ಕರಡಿಗೇ ಡಿಕ್ಕಿ ಹೊಡೆದು ಸತ್ತ. ಅವನು ಅಲ್ಲಿಯ ಅರಣ್ಯ ಇಲಾಖೆಯಲ್ಲೇ ಕೆಲಸಕ್ಕಿದ್ದವನು, ಆ ಕಾಡು ಗೊತ್ತಿದ್ದವನು. ಕರಡಿ ಕಂಡ ಮೇಲೆ ಅವನಿಗೆ ಸಿಕ್ಕದ್ದು ಒಂದೆರಡು ಸೆಕೆಂಡು ಅಂತ ಆಮೇಲೆ ಲೆಕ್ಕ ಹಾಕಿದರು. ಅಲ್ಲಿಯ ಕರಡಿಯ ಜಾತಿ ಬೇರೆ, ತಿರುವು ಮಾತ್ರ ನಮ್ಮಲ್ಲಿರುವಂಥದ್ದೇ.

ಹಿಂದೆ ಅಂಚೆ ಹೊತ್ತು ಅಡವಿಯಲ್ಲಿ ಓಡುತ್ತಿದ್ದವರು ಈಟಿಗೆ ಗೆಜ್ಜೆ ಕಟ್ಟಿಕೊಂಡು ಓಡುತ್ತಿದ್ದರು. ಊರಿನವರಿಗೆ ಟಪಾಲು ಬಂತು ಅಂತ ಗೊತ್ತಾಗಲಿ, ಮೃಗಗಳಿಗೆ ಮನುಷ್ಯ ಬಂದ ಅಂತ ಗೊತ್ತಾಗಲಿ. ಅಡವಿಯ ಓಟಗಾರರಲ್ಲಿ ಅವರೇ ಹಿರೀಕರು. ನೀವೂ ಹಾಗೇ ಮಾಡಿ. ಹ್ಯಾಂಡಲ್ಲಿಗೆ ಒಂದು ಗಂಟೆ ಕಟ್ಟು, ಬೆರಳಲ್ಲಿ ಒತ್ತುವ ಬೆಲ್ ಅಲ್ಲ, ಚಕ್ರ ಕುಲುಕಿದಾಗೆಲ್ಲ ತಾನೇ ಬಡಿದುಕೊಳ್ಳುವಂಥದ್ದು. ಮುಂದೆ ಕಾಣದ ತಿರುವಿನಲ್ಲಿ ಬ್ರೇಕು ಹಿಡಿ, ಒಂದು ಕೂಗು ಹಾಕು. ಕಿವಿಗೆ ಸಿಗಿಸಿಕೊಳ್ಳುವ ಆ ಬಿಳಿ ತುಣುಕುಗಳನ್ನು ಮನೆಯಲ್ಲೇ ಬಿಡು. ಬಂಡೆ ಗುಡ್ಡದ ಮಗ್ಗುಲಲ್ಲಿ ಹಾದಿ ಇದ್ದರೆ ಹೊತ್ತು ಮೂಡಿ ಒಂದು ತಾಸಾಗುವವರೆಗೆ ಆ ಕಡೆ ಬೇಡ, ಸಂಜೆ ದನ ಮನೆಗೆ ಬರುವ ಹೊತ್ತಿಗೆ ನೀವೂ ಮನೆಗೆ ಬಂದಿರಬೇಕು. ಪೊಲೀಸ್ ಕೆಲಸಕ್ಕೆ ಓಡುವವರು ಜಾವದಲ್ಲೇ ಓಡಬೇಕಿದ್ದರೆ ಊರಿಗೆ ಅಂಟಿದ ಬಯಲಿನಲ್ಲಿ, ಕೆರೆ ಏರಿಯ ಮೇಲೆ ಓಡಲಿ. ಆರೂವರೆ ನಿಮಿಷದ ಓಟಕ್ಕೆ ಅಡವಿ ಬೇಕಿಲ್ಲ.

ಒಂದು ವೇಳೆ ಎದುರಾದರೆ? ತಿರುಗಿ ಓಡಬೇಡ, ಅದು ನಿನಗಿಂತ ಜೋರು. ಸೈಕಲ್ಲನ್ನು ನಡುವೆ ಇಟ್ಟುಕೊಂಡು, ಮೆಲ್ಲಗೆ ಮಾತಾಡುತ್ತ ಹಿಂದಿಂದಕ್ಕೆ ಸರಿ. ಮೈಮೇಲೇ ಬಂದರೆ ಬೋರಲು ಬಿದ್ದು ಕುತ್ತಿಗೆಯ ಮೇಲೆ ಕೈ ಹೆಣೆದುಕೊ. ಹೋದದ್ದು ಬೆನ್ನ ಚೀಲವಾಗಲಿ, ಮುಖ ಉಳಿಯಲಿ. ಕರಡಿ ನೋಡುವ ಆಸೆಯಿದ್ದರೆ ದರೋಜಿಗೆ ಹೋಗಿ ಗೋಪುರ ಹತ್ತಿ ಕೂತು ನೋಡು. ಎದುರಿನ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ನೆಕ್ಕಲು ಬರುತ್ತವೆ. ಇನ್ನು ಗುಡೇಕೋಟೆಯ ಧಾಮದ ಒಳಗೆ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಅದು ವನ್ಯಜೀವಿ ಕಾಯ್ದೆಯ ಮಾತು, ಅಲ್ಲಿ ನನ್ನ ವಶೀಲಿ ನಡೆಯುವುದಿಲ್ಲ.

ಕರಡಿಗಿಂತ ದಿನಾ ಎದುರಾಗುವವರು ಮನುಷ್ಯರು. ಜಗತ್ತಿನ ಬೇರೆ ಕಡೆ ಇಂಥ ಹಾದಿಗಳಲ್ಲಿ ಒಂದು ರೂಢಿ ಇದೆಯಂತೆ: ಸೈಕಲ್ಲಿನವನು ನಡೆಯುವವನಿಗೆ ದಾರಿ ಬಿಡಬೇಕು, ಇಬ್ಬರೂ ಕುದುರೆಗೆ ಬಿಡಬೇಕು, ಇಳಿಯುವವನು ಏರುವವನಿಗೆ ಬಿಡಬೇಕು. ನಮ್ಮಲ್ಲಿ ಕುದುರೆ ಎಲ್ಲಿ? ಆ ಜಾಗದಲ್ಲಿ ಸೌದೆ ಹೊರೆ ಹೊತ್ತವಳನ್ನು ಇಟ್ಟುಕೊ. ಅವಳು ಕತ್ತು ತಿರುಗಿಸುವಂತಿಲ್ಲ, ಹೊರೆ ಇಳಿಸಿದರೆ ಎತ್ತಿ ಕೊಡುವವರಿಲ್ಲ. ದೂರದಲ್ಲೇ ಇಳಿದು ಪಕ್ಕಕ್ಕೆ ನಿಲ್ಲು. ಹಿಂದಿನಿಂದ ಬರುವಾಗ ‘ಯಕ್ಕಾ, ಬಲಕ್ಕೆ ಬರಾಕ್ಹತ್ತೀನಿ’ ಅಂತ ಹೇಳಿ ಬಾ.

ಕುರಿ ಹಿಂಡು ಬಂದರೆ ಇಳಿದೇ ಬಿಡು. ಹಿಂಡಿನ ನಡುವೆ ಸೈಕಲ್ ನುಗ್ಗಿಸಿದರೆ ಕುರಿ ದಿಕ್ಕಾಪಾಲಾಗುತ್ತವೆ, ಒಂದು ಕುರಿ ತಪ್ಪಿಸಿಕೊಂಡರೆ ಆ ರಾತ್ರಿ ಅದು ತೋಳನ ಪಾಲು. ಹಿಂಡಿನ ನಾಯಿ ನಿನ್ನನ್ನು ಅಟ್ಟುವುದು ತನ್ನ ಕೆಲಸ ಮಾಡಲು. ತುಳಿದು ತಪ್ಪಿಸಿಕೊಳ್ಳುತ್ತೇನೆ ಅಂದುಕೊಳ್ಳಬೇಡ, ನಿಂತವನನ್ನು ಅದು ಬೊಗಳಿ ಬಿಡುತ್ತದೆ, ಓಡಿದವನ ಮೀನಖಂಡ ಹಿಡಿಯುತ್ತದೆ. ಕುರಿಯವರನ್ನು ಕಂಡಾಗ ನಿಂತು ಎರಡು ಮಾತಾಡು. ಚಿರತೆ ಎಲ್ಲಿ ಓಡಾಡುತ್ತಿದೆ, ಯಾವ ಹುತ್ತ ಹೊಸದಾಗಿ ಕೆದರಿದೆ, ಎಲ್ಲಿ ನೀರಿದೆ, ಇದನ್ನೆಲ್ಲ ನಿನ್ನ ಮೊಬೈಲ್ ಹೇಳುವುದಿಲ್ಲ.

ಇನ್ನು ಮಣ್ಣು. ನಮ್ಮ ರೈತ ಇಳಿಜಾರಿಗೆ ಅಡ್ಡ ಬದು ಹಾಕುತ್ತಾನೆ ಯಾಕೆ? ನೀರು ಓಡದಿರಲಿ ಅಂತ. ಹಾದಿಯೂ ಹಾಗೇ ಗುಡ್ಡಕ್ಕೆ ಅಡ್ಡಡ್ಡ ಹೋಗಬೇಕು. ನೂರು ಹೆಜ್ಜೆಗೆ ಹತ್ತು ಹೆಜ್ಜೆಗಿಂತ ಹೆಚ್ಚು ಏರಬಾರದು ಅಂತ ಇಂಥ ಹಾದಿ ಮಾಡುವವರ ಲೆಕ್ಕ. ನೆತ್ತಿಯಿಂದ ನೆಟ್ಟಗೆ ಬುಡಕ್ಕೆ ಇಳಿಸಿದಿರೋ, ಒಂದೇ ಮಳೆಗೆ ಅದು ಹಾದಿ ಹೋಗಿ ಕೊರಕಲು ಆಗುತ್ತದೆ. ನೀನು ಹಿಂದಿನ ಚಕ್ರ ಕಚ್ಚಿ ಹಿಡಿದು ಜಾರಿಸಿದ ಗೆರೆಯಲ್ಲೇ ನೀರು ಮೊದಲು ಇಳಿಯುವುದು. ಕೆಮ್ಮಣ್ಣಿನ ಮರಡಿ ಮಳೆ ನಿಂತ ಮಾರನೆಯ ದಿನವೇ ತುಳಿಯಲು ಬರುತ್ತದೆ. ಎರೆ ನೆಲ ಹಾಗಲ್ಲ. ಅಲ್ಲಿ ಮಳೆಯಾದ ಮೇಲೆ ಇಳಿದರೆ ಚಕ್ರಕ್ಕೆ ಮಣ್ಣು ಮೆತ್ತಿ ಸೈಕಲ್ಲು ನಿನ್ನನ್ನು ಹೊರುವ ಬದಲು ನೀನೇ ಅದನ್ನು ಹೊರಬೇಕಾಗುತ್ತದೆ. ನಾನು ಹೊತ್ತಿದ್ದೇನೆ, ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದೇನೆ.

ಮುಳ್ಳಿನ ಬಗ್ಗೆ ಹೇಳುವುದೇ ಬೇಡ. ಒಂದು ಮುಳ್ಳಿನ ಗಿಡಕ್ಕೆ ನಾಡೆಲ್ಲ ಬಳ್ಳಾರಿ ಜಾಲಿ ಅಂತ ಹೆಸರಿಟ್ಟಿದೆ, ಅದರ ಮೇಲೆ ನೆಗ್ಗಿಲು ಮುಳ್ಳು ಬೇರೆ. ಎರಡು ಟ್ಯೂಬು, ಪಂಪು ಇಟ್ಟುಕೊ. ಪಂಚರ್ ಆದಾಗ ಗಿಡದ ನೆರಳಿಗೆ ಸರಿಯುವ ಮೊದಲು ನೆರಳಲ್ಲಿ ಏನಿದೆ ನೋಡು.

ಮೊದಲ ಸಲವೇ ಐದು ತಾಲ್ಲೂಕು ಸುತ್ತುತ್ತೇನೆ ಅನ್ನಬೇಡ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಿಂದ ಶುರುಮಾಡಿ. ಆ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. 98.76 ಹೆಕ್ಟೇರ್, ಅಷ್ಟೇ. ನೀರಿನ ನಡುವಿನ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ಮಾತ್ರ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ತದ್ವಿರುದ್ಧ. ಗಂಟೆ ಬಿಚ್ಚಿಡು, ಕೂಗಬೇಡ, ಸೈಕಲ್ ತಳ್ಳಿಕೊಂಡು ನಡೆ. ಎಲ್ಲಿ ಸದ್ದು ಬೇಕು, ಎಲ್ಲಿ ಬೇಡ ಅನ್ನುವುದು ನಿಮ್ಮ ಗುಂಪಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ.

ಭಾನುವಾರ ಹೊರಡುವ ಮುಂಚೆ ಮನೆಗೆ ಬಂದು ಹೋಗು. ನಮ್ಮ ಹಳೆಯ ಎತ್ತಿನ ಕೊರಳ ಗಂಟೆ ದನದ ಕೊಟ್ಟಿಗೆಯ ಗೂಟಕ್ಕೆ ಹಾಗೇ ತೂಗುತ್ತಿದೆ, ಎತ್ತು ಮಾರಿದರೂ ಅದನ್ನು ಕೊಡಲು ಮನಸ್ಸು ಬಂದಿರಲಿಲ್ಲ. ನಾಲಗೆಗೆ ಸ್ವಲ್ಪ ತುಕ್ಕು ಹಿಡಿದಿದೆ. ನಿನ್ನ ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತಾಳಂತೆ.