ಏಳು ವರ್ಷದ ಲೆಕ್ಕ: ಗುಳೆ ಹೋದ ಮನೆಯ ಮಕ್ಕಳ ಸೀಟು, ಶುಲ್ಕ, ವಿದ್ಯಾರ್ಥಿವೇತನ



ಸಿಇಟಿ ಅರ್ಜಿ ತುಂಬುವ ದಿನಗಳಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, "ಸರ್, ನಾನು ಕರ್ನಾಟಕದವಳು ಹೌದೋ ಅಲ್ಲೋ?" ಎಂದು ಕೇಳಿದಳು. ಆಧಾರ್, ರೇಷನ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ ಎಲ್ಲದರಲ್ಲೂ ಅವಳ ಊರು ತೆಲಿಗಿ. "ಕಾರ್ಡ್ ಇದೆಯಲ್ಲಮ್ಮ, ಏನೂ ತೊಂದರೆ ಆಗಲ್ಲ" ಎಂದು ಹೇಳಿ ಕಳಿಸಿಬಿಟ್ಟೆ. ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಹೇಳಿದ್ದು ತಪ್ಪಾಗಿತ್ತು.

ಅವಳ ತಂದೆ ಗೋವಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಆರನೇ ತರಗತಿಯವರೆಗೆ ಅವಳು ಅಲ್ಲೇ ಓದಿ, ಏಳನೆಯದಕ್ಕೆ ನಾನಿಯ ಮನೆಗೆ ಬಂದವಳು. ಏಳರಿಂದ ದ್ವಿತೀಯ ಪಿಯುಸಿವರೆಗೆ ಎಣಿಸಿ ನೋಡಿ, ಆರು ವರ್ಷ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೇಳುವುದು ಏಳು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ಪೂರ್ಣ ಶೈಕ್ಷಣಿಕ ವರ್ಷ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ಸಾಮಾನ್ಯ ವಿದ್ಯಾರ್ಥಿಗೆ ಅನ್ವಯಿಸುವ ನಿಯಮ ಇದು. ಈ ಬಾಗಿಲು ಮುಚ್ಚಿದರೆ ಸರ್ಕಾರಿ ಸೀಟಿನ ಶುಲ್ಕವೂ ಇಲ್ಲ, ಆ ಸೀಟಿನ ಆಧಾರದ ಮೇಲೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುವ 'ಅರಿವು' ಸಾಲವೂ ಇಲ್ಲ.

ನಮ್ಮದೇ ದೇಶದಲ್ಲಿ ಹೀಗೆ ಕೇಳಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಇಂದೋರಿನ ವೈದ್ಯಕೀಯ ಕಾಲೇಜು ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಬಿಟ್ಟು, ಹೊರಗಿನವರಿಂದ ವಸೂಲು ಮಾಡುತ್ತಿತ್ತು. ದೆಹಲಿಯ ವಿದ್ಯಾರ್ಥಿ ಡಿ.ಪಿ. ಜೋಶಿ ಕೋರ್ಟಿಗೆ ಹೋದರು. 1955ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಕಾಲೇಜಿನ ನಿಯಮವನ್ನು ಎತ್ತಿಹಿಡಿಯಿತು. ನೀವು ಪ್ರಥಮ ಪಿಯುಸಿಯಲ್ಲಿ ಓದುವ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಅದರಲ್ಲಿ 'ವಾಸಸ್ಥಳ' ಎಂಬ ಪದ ಇಲ್ಲ. ಹುಟ್ಟಿದ ಊರು ಬೇರೆ, ವಾಸದ ಊರು ಬೇರೆ ಎಂಬ ಆ ಸಣ್ಣ ಅಂತರದ ಮೇಲೆ ಇಂದಿಗೂ ಎಷ್ಟೋ ಮಕ್ಕಳ ಭವಿಷ್ಯ ನಿಂತಿದೆ.

ನಮ್ಮ ಕಡೆಯಂತೂ ಇನ್ನೂ ಗೋಜಲು. 371(ಜೆ) ವಿಧಿ ಈ ಪ್ರದೇಶಕ್ಕೆ 'ಹುಟ್ಟಿನಿಂದ ಅಥವಾ ವಾಸದಿಂದ' ಸೇರಿದವರಿಗೆ ಸೀಟು ಮೀಸಲಿಡಲು ಅವಕಾಶ ಕೊಡುತ್ತದೆ. ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ. 70, ಹೊರಗಿನವುಗಳಲ್ಲಿ ಶೇ. 8. ಅಂದರೆ ಸಿಇಟಿ ನಿಯಮ ಹುಟ್ಟನ್ನು ಕೇಳುವುದಿಲ್ಲ, ಓದನ್ನು ಕೇಳುತ್ತದೆ. 371(ಜೆ) ಹುಟ್ಟನ್ನೂ ಒಪ್ಪುತ್ತದೆ. ಹೆರಿಗೆಗೆ ತಾಯಿ ತೆಲಿಗಿಯ ತವರಿಗೆ ಬಂದಿದ್ದರೆ ಒಂದು ಲೆಕ್ಕ. ಹತ್ತಿರವೆಂದು ದಾವಣಗೆರೆ ಆಸ್ಪತ್ರೆಗೆ ಹೋಗಿದ್ದರೆ ಜನನ ಪ್ರಮಾಣಪತ್ರದಲ್ಲಿ ಕಲ್ಯಾಣ ಕರ್ನಾಟಕದ ಹೊರಗಿನ ಜಿಲ್ಲೆ, ಆಗ ವಾಸವನ್ನು ಸಾಬೀತುಪಡಿಸಬೇಕು. ನಮ್ಮ ತಾಲ್ಲೂಕಿನ ಕಥೆಯೂ ಇದೇ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. 2013ರಲ್ಲಿ 371(ಜೆ) ಜಾರಿಯಾದಾಗ ಬಳ್ಳಾರಿಯಲ್ಲೇ ಉಳಿದಿದ್ದ ಕೂಡ್ಲಿಗಿ, ಹಡಗಲಿಯವರಿಗೆ ಸಿಕ್ಕ ಸೌಲಭ್ಯಕ್ಕೆ ಹರಪನಹಳ್ಳಿಯವರು ಹೋರಾಡಬೇಕಾಯಿತು. ಆಮೇಲೆ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ನಾವು ಮನೆ ಬಿಟ್ಟು ಕದಲಲಿಲ್ಲ, ಜಿಲ್ಲೆಯೇ ಗುಳೆ ಹೋಗಿ ಬಂತು!

ತಾಂಡಾದಿಂದ ಬರುವ ಮಕ್ಕಳು ಇನ್ನೊಂದು ಮಾತು ಗಮನಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದು ರಾಜ್ಯದ ಪಟ್ಟಿಯ ಸ್ಥಾನ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸಂವಿಧಾನ ಪೀಠ 1990ರಲ್ಲಿ ಹೇಳಿತು. ಆಂಧ್ರದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮುಂಬೈ ಸೇರಿದ ಹುಡುಗನ ಪ್ರಕರಣ ಅದು. ನಮ್ಮ 2ಬಿ ಕೂಡ ಕರ್ನಾಟಕದ ಪಟ್ಟಿಯೇ. ಗೋವಾದಲ್ಲಿ ಅದನ್ನು ತೋರಿಸಿ ಪ್ರಯೋಜನವಿಲ್ಲ.

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ತಪ್ಪು ಗೊತ್ತಾದ ಮೇಲೆ ಸಿಇಟಿ ಮಾಹಿತಿ ಪುಸ್ತಿಕೆಯನ್ನು ಕೂತು ಓದಿದೆ. ಏಳು ವರ್ಷದ ನಿಯಮದ ಕೆಳಗೇ ಇನ್ನೊಂದಿದೆ: ವಿದ್ಯಾರ್ಥಿ ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ ಇಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಅರ್ಹತೆ ಉಂಟು. ತಂದೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಅಮ್ಮಿ ಏಳನೇ ಕ್ಲಾಸ್ ತನಕ ಓದ್ಯಾರಂತೆ ಸರ್, ಆಮೇಲೆ ಬಿಡಿಸಿದ್ರಂತೆ" ಎಂದಳು. ಒಂದರಿಂದ ಏಳು, ಸರಿಯಾಗಿ ಏಳು ವರ್ಷ. ತಾಯಿ ಓದಿದ ಸರ್ಕಾರಿ ಶಾಲೆಯ ಹಳೆಯ ದಾಖಲಾತಿ ವಹಿಯನ್ನು ಮುಖ್ಯಶಿಕ್ಷಕರು ಅಟ್ಟದಿಂದ ಇಳಿಸಿ, ದೂಳು ಕೊಡವಿ ಹುಡುಕಿದರು. ಹೆಸರು ಸಿಕ್ಕಿತು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಮಾಡಿಸಿದೆವು.

ಈ ನಿಯಮ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಪ್ಪ-ಅಮ್ಮ ಇಬ್ಬರೂ ಓದದ ಮನೆಯವರೇ ಹೆಚ್ಚು ಗುಳೆ ಹೋಗುವುದು. ಅವರ ಮಗುವಿಗೆ ಈ ಎರಡನೇ ಬಾಗಿಲೂ ಇಲ್ಲ. ಕಾಫಿ ತೋಟಕ್ಕೋ ಬೆಂಗಳೂರಿಗೋ ಹೋದವರ ಮಕ್ಕಳಿಗೆ ಆ ಭಯವಿಲ್ಲ, ಅಲ್ಲಿ ಓದಿದ್ದೂ ಕರ್ನಾಟಕದ ಓದೇ. ಆದರೆ ಶಾಲೆ ಬಿಡುವಾಗ ಟಿ.ಸಿ.ಯ ಜೊತೆ ವ್ಯಾಸಂಗ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ, ಮೂರು ತಿಂಗಳು ಓದಿದ ಶಾಲೆಯಾದರೂ ಸರಿ.

ಪ್ರಥಮ ಪಿಯುಸಿಯವರು ಒಂದನೇ ತರಗತಿಯಿಂದ ಈವರೆಗೆ ಓದಿದ ಶಾಲೆ, ಊರು, ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಏಳಕ್ಕೆ ಕಡಿಮೆ ಬಂದವರ ಅಪ್ಪ-ಅಮ್ಮನ ಶಾಲೆಯ ವಹಿಯನ್ನು ಈ ವರ್ಷವೇ ಹುಡುಕೋಣ. ಶುಕ್ರವಾರ ಜುಮಾ ನಮಾಜಿನ ನಂತರ ನಾನು ಸ್ಟಾಫ್ ರೂಮಿನಲ್ಲಿರುತ್ತೇನೆ.