ಗರ್ಭಿಣಿಯ ಪರೀಕ್ಷೆಗಳು: ಸರ್ಕಾರಿ ಆಸ್ಪತ್ರೆಯಲ್ಲಿ ಯಾವುವು, ಹೊರಗೆ ಯಾವುವು?

ದಂಪತಿಗಳೇ,

ಮನೆಯ ಸೊಸೆ ಗರ್ಭವತಿಯಾದಳೆಂಬ ಸಮಾಚಾರ ಹರಡಿದೊಡನೆ ಸಲಹೆ ಕೊಡುವವರಿಗೆ ಕೊರತೆಯಿರುವುದಿಲ್ಲ. “ಸರ್ಕಾರಿ ಆಸ್ಪತ್ರೆಯಲ್ಲಿ ಬರೀ ಮಾತ್ರೆ ಕೊಟ್ಟು ಕಳಿಸುತ್ತಾರೆ, ಪೇಟೆಯ ನರ್ಸಿಂಗ್ ಹೋಮಿಗೆ ಕರೆದೊಯ್ಯಿರಿ” ಎನ್ನುವವರು ಕೆಲವರು, “ನಾವೆಲ್ಲ ಯಾವ ಪರೀಕ್ಷೆಯೂ ಇಲ್ಲದೆ ಹೆರಲಿಲ್ಲವೆ?” ಎನ್ನುವ ಹಿರಿಯರು ಕೆಲವರು. ಮೊದಲಿನವರ ಮಾತು ಕೇಳಿ ಸಾಲದಲ್ಲಿ ಬಿದ್ದ ಕುಟುಂಬಗಳುಂಟು. ಎರಡನೆಯವರ ಮಾತು ಕೇಳಿ ತಾಯಿಯನ್ನೇ ಕಳೆದುಕೊಂಡ ಕುಟುಂಬಗಳೂ ಉಂಟು. ಆದುದರಿಂದ ಯಾವ ಪರೀಕ್ಷೆ ಏತಕ್ಕೆ, ಅದು ಎಲ್ಲಿ ದೊರೆಯುತ್ತದೆ, ಎಷ್ಟನೆಯ ವಾರದಲ್ಲಿ ಆಗಬೇಕು ಎಂಬುದನ್ನು ನೀವಿಬ್ಬರೂ ಮೊದಲೇ ತಿಳಿದುಕೊಂಡಿರುವುದು ಅವಶ್ಯಕ.

ಗರ್ಭಿಣಿಯ ಪರೀಕ್ಷೆಗಳಲ್ಲಿ ಎರಡು ಬಗೆ. ತಾಯಿಯ ಪ್ರಾಣಕ್ಕೆ ಒದಗಬಹುದಾದ ಅಪಾಯವನ್ನು ಮುಂಚಿತವಾಗಿ ಕಂಡುಹಿಡಿಯುವಂಥವು ಒಂದು ಬಗೆ. ಮಗುವಿನ ಅಂಗರಚನೆಯಲ್ಲಿ ಅಥವಾ ವಂಶವಾಹಿಗಳಲ್ಲಿ ದೋಷವಿದೆಯೆ ಎಂದು ನೋಡುವಂಥವು ಇನ್ನೊಂದು ಬಗೆ. ಈ ಭೇದವನ್ನು ಅರಿಯದಿರುವುದರಿಂದಲೇ ಹೆಚ್ಚಿನ ಗೊಂದಲ ಉಂಟಾಗುತ್ತದೆ.

ತಾಯಿಯನ್ನು ಕಾಯುವ ಪರೀಕ್ಷೆಗಳು

ಇವೆಲ್ಲವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಹೆರಿಗೆ, ಔಷಧಿ, ರಕ್ತ, ಪ್ರಯೋಗಶಾಲೆಯ ಪರೀಕ್ಷೆ, ಯಾವುದಕ್ಕೂ ಹಣ ತೆರಬೇಕಾಗಿಲ್ಲ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು, ನಾಲ್ಕನೆಯ ತಿಂಗಳು ಮತ್ತು ಅನಂತರದ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಟೂ ಇದೆ. ಆ ದಿನ ಜನಸಂದಣಿ ಇರುವುದು ನಿಜ. ಕಾದು ಕುಳಿತುಕೊಳ್ಳುವ ಬೇಸರವೂ ನಿಜ. ಬುತ್ತಿ ಕಟ್ಟಿಕೊಂಡು, ಪತಿಯೂ ಜೊತೆಯಲ್ಲಿ ಹೋಗುವುದು ಲೇಸು.

ಪ್ರತಿ ಭೇಟಿಯಲ್ಲಿಯೂ ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಅದು 140/90 ಅಥವಾ ಅದಕ್ಕೂ ಹೆಚ್ಚಿದ್ದು, ಮೂತ್ರದಲ್ಲಿ ಆಲ್ಬುಮಿನ್ ಅಂಶವೂ ಕಂಡುಬಂದರೆ ಗರ್ಭನಂಜಿನ ಲಕ್ಷಣವೆಂದು ತಿಳಿಯಬೇಕು. ಅಲಕ್ಷಿಸಿದರೆ ಗರ್ಭಿಣಿಗೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಅಂತಹ ತಾಯಿಗೆ ಹೆರಿಗೆಯಲ್ಲಿ ಆಗುವ ಸಾಧಾರಣ ರಕ್ತಸ್ರಾವವೂ ತಡೆಯಲಾರದ್ದಾಗುತ್ತದೆ. ಸಕ್ಕರೆ ಕಾಯಿಲೆಯ ಪತ್ತೆಗಾಗಿ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಗಳ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕೆ ಮೇಲಿದ್ದರೆ ಪಥ್ಯ, ಚಿಕಿತ್ಸೆ ಆರಂಭವಾಗಬೇಕು. ಮೊದಲ ಭೇಟಿಯಲ್ಲಿ ಸರಿಯಾಗಿದ್ದರೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಇದನ್ನು ಮಾಡಿಸಬೇಕು. ಎಚ್.ಐ.ವಿ., ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳೂ, ರಕ್ತದ ಗುಂಪಿನ ಪರೀಕ್ಷೆಯೂ ಇದರಲ್ಲಿ ಸೇರಿವೆ.

ಇಷ್ಟನ್ನೇ ನರ್ಸಿಂಗ್ ಹೋಮಿನಲ್ಲಿ ಮಾಡಿಸಿದರೆ ಫಲಿತಾಂಶವೇನೂ ಬೇರೆಯಾಗದು. ಅಂಗಡಿಯ ಸರಕಿನಂತೆ “ಪ್ಯಾಕೇಜು” ಎಂದು ಮಾರುವ ಪಟ್ಟಿಯಲ್ಲಿ ಅನಾವಶ್ಯಕವಾದವೂ ಸೇರಿರುತ್ತವೆ. ಉದಾಹರಣೆಗೆ, “ಟಾರ್ಚ್” ಎಂಬ ರಕ್ತಪರೀಕ್ಷೆಗಳ ಗುಚ್ಛ ವಿಶೇಷ ಕಾರಣವಿಲ್ಲದೆ ಎಲ್ಲ ಗರ್ಭಿಣಿಯರಿಗೂ ಬೇಕಾದುದಲ್ಲ.

ಮಗುವಿನ ಬೆಳವಣಿಗೆಯ ಪರೀಕ್ಷೆಗಳು

ಇಲ್ಲಿ ವಾರದ ಲೆಕ್ಕವೇ ಮುಖ್ಯ. ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು. ತಾರೀಖು ನೆನಪಿಲ್ಲವಾದರೆ ಯಾವ ಹಬ್ಬ, ಯಾವ ಜಾತ್ರೆ, ಯಾವ ಅಮಾವಾಸ್ಯೆಯ ಆಸುಪಾಸು ಎಂದು ನೆನಪು ಮಾಡಿಕೊಂಡು ಆಶಾ ಕಾರ್ಯಕರ್ತೆಗೆ ಹೇಳಿರಿ. ಆಕೆ ಪಂಚಾಂಗ ನೋಡಿ ಲೆಕ್ಕ ಹಾಕುತ್ತಾಳೆ.

18ರಿಂದ 20ನೆಯ ವಾರದೊಳಗೆ ಒಂದು ಸ್ಕ್ಯಾನಿಂಗ್ ಎಲ್ಲ ಗರ್ಭಿಣಿಯರಿಗೂ ಆಗಬೇಕು. ಮಗುವಿನ ತಲೆ, ಬೆನ್ನುಹುರಿ, ಹೃದಯ, ಮೂತ್ರಪಿಂಡಗಳ ರಚನೆ ಆಗ ಚೆನ್ನಾಗಿ ಕಾಣಿಸುತ್ತದೆ. ಈ ಯಂತ್ರವಾಗಲಿ ಅದನ್ನು ನೋಡಬಲ್ಲ ತಜ್ಞರಾಗಲಿ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಅಲ್ಲಿ ಕೊಟ್ಟ ದಿನ ಈ ಅವಧಿಯನ್ನು ಮೀರುವಂತಿದ್ದರೆ, ಖರ್ಚಾದರೂ ಹೊರಗೆ ಈ ಒಂದು ಸ್ಕ್ಯಾನನ್ನು ಮಾಡಿಸುವುದು ಯೋಗ್ಯ. ನಿಮ್ಮ ಕೈಯಲ್ಲಿರುವುದು ಸ್ವಲ್ಪವೇ ಹಣವಾದರೆ ಅದನ್ನು ಇದಕ್ಕೆಂದೇ ಮೀಸಲಿಡಿರಿ.

ಇನ್ನು 11ರಿಂದ 14ನೆಯ ವಾರದೊಳಗೆ ಮಾಡುವ ಎನ್.ಟಿ. ಸ್ಕ್ಯಾನ್, ಅದರೊಡನೆ “ಡಬಲ್ ಮಾರ್ಕರ್” ಎಂಬ ರಕ್ತಪರೀಕ್ಷೆ, ಹಾಗೂ 10ನೆಯ ವಾರದಿಂದ ಮಾಡಬಹುದಾದ ಎನ್.ಐ.ಪಿ.ಟಿ. ಎಂಬ ಪರೀಕ್ಷೆ. ಇವು ಮುಖ್ಯವಾಗಿ ಡೌನ್ಸ್ ಸಿಂಡ್ರೋಮ್ ಮುಂತಾದ ವರ್ಣತಂತು ದೋಷಗಳ ಸಾಧ್ಯತೆಯನ್ನು ಹೇಳುವಂಥವು. ಹಳ್ಳಿಯ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇವು ಇಲ್ಲ. ಎನ್.ಐ.ಪಿ.ಟಿ.ಯ ಬೆಲೆಯಂತೂ ಸಾವಿರಗಳ ಲೆಕ್ಕದಲ್ಲಿದೆ.

“ಸಾಧ್ಯತೆ” ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಇವು ಜರಡಿ ಹಿಡಿದಂತೆ. ಜರಡಿಯಲ್ಲಿ ಉಳಿದುದೆಲ್ಲ ಕಲ್ಲಲ್ಲ, ದಪ್ಪ ಕಾಳೂ ಉಳಿದಿರುತ್ತದೆ; ಕೆಳಗೆ ಬಿದ್ದುದರಲ್ಲಿ ಒಂದೆರಡು ಸಣ್ಣ ಕಲ್ಲು ಸೇರಿರಲೂಬಹುದು. ಡಬಲ್ ಮಾರ್ಕರ್ ಹಾಗೂ ಎನ್.ಟಿ. ಎರಡನ್ನೂ ಸೇರಿಸಿ ನೋಡಿದಾಗ ದೋಷವಿಲ್ಲದ ಗರ್ಭಗಳಲ್ಲಿಯೂ ನೂರಕ್ಕೆ ಸುಮಾರು ಐದು “ಅಪಾಯ ಹೆಚ್ಚು” ಎಂಬ ವರದಿ ಪಡೆಯುತ್ತವೆ. ವರದಿಯಲ್ಲಿ “200ರಲ್ಲಿ 1” ಎಂದು ಕೆಂಪಕ್ಷರದಲ್ಲಿ ಬರೆದಿದ್ದರೆ ಅದರ ಅರ್ಥವೇನು? ಅಂತಹ ಇನ್ನೂರು ಗರ್ಭಿಣಿಯರಲ್ಲಿ 199 ಮಂದಿಯ ಮಗುವಿಗೆ ಆ ದೋಷವಿರುವುದಿಲ್ಲ. ಈ ಕಾಗದವೊಂದನ್ನೇ ನೋಡಿ ಗರ್ಭ ತೆಗೆಸಲು ಹೊರಡುವುದು ಮಹಾ ತಪ್ಪು. ಎನ್.ಐ.ಪಿ.ಟಿ. ಹೆಚ್ಚು ನಂಬಿಕೆಗೆ ಅರ್ಹವಾದುದಾದರೂ ಅದೂ ಜರಡಿಯೇ. ಖಚಿತವಾಗಬೇಕಾದರೆ ಗರ್ಭಕೋಶದ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕು. ಅದರಲ್ಲಿ ಗರ್ಭಪಾತದ ಅಪಾಯ ಅಲ್ಪವಾಗಿಯಾದರೂ ಇದೆ, ಮತ್ತು ಅದು ದೊಡ್ಡ ನಗರಗಳಲ್ಲಿ ನುರಿತವರಿಂದ ಆಗಬೇಕಾದ ಕೆಲಸ.

ಆದ್ದರಿಂದ ರಕ್ತ ಕೊಡುವ ಮೊದಲೇ ನೀವಿಬ್ಬರೂ ಕುಳಿತು ಆಲೋಚಿಸಿರಿ: ಅಪಾಯ ಹೆಚ್ಚು ಎಂದು ಬಂದರೆ ಮುಂದಿನ ಪರೀಕ್ಷೆಗೆ ಹೋಗುವೆವೆ? ದೋಷ ಖಚಿತವಾದರೆ ಏನು ಮಾಡುವೆವು? ಮಗು ಹೇಗಿದ್ದರೂ ಸಾಕುವೆವು ಎನ್ನುವ ದಂಪತಿಗಳು ಈ ಪರೀಕ್ಷೆಯನ್ನು ಬಿಡಬಹುದು, ಸಿದ್ಧರಾಗಿರಲೆಂದು ಮಾಡಿಸಲೂಬಹುದು. ಎರಡೂ ಸರಿಯೇ. ಇದನ್ನು ತೀರ್ಮಾನಿಸಬೇಕಾದವರು ನೀವು. ಪ್ರಯೋಗಶಾಲೆಯ ಏಜೆಂಟನೂ ಅಲ್ಲ, ಓಣಿಯವರೂ ಅಲ್ಲ. ಕಾನೂನು ಏನೆನ್ನುತ್ತದೆಂದರೆ, 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ, ಮಗುವಿನ ಗಂಭೀರ ದೋಷವೇ ಮೊದಲಾದ ನಿಗದಿತ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಗರ್ಭವನ್ನು ಕೊನೆಗೊಳಿಸಬಹುದು. ಅನಂತರ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ.

ಯಾರಿಗೆ ಈ ಪರೀಕ್ಷೆ ಹೆಚ್ಚು ಪ್ರಯೋಜನಕರ? ತಾಯಿಯ ವಯಸ್ಸು 35 ದಾಟಿದ್ದರೆ, ಅಥವಾ ಹಿಂದೆ ಇಂತಹ ಮಗು ಹುಟ್ಟಿದ್ದರೆ. ಡೌನ್ಸ್ ಸಿಂಡ್ರೋಮಿನ ಸಾಧ್ಯತೆ 25ರ ವಯಸ್ಸಿನಲ್ಲಿ ಸುಮಾರು 1,200ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು.

ನಮ್ಮ ಸೀಮೆಯಲ್ಲಿ ಸೋದರಮಾವನಿಗೆ ಇಲ್ಲವೆ ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಬಹಳ. ಅಂತಹ ಸಂಬಂಧದ ದಂಪತಿಗಳು ಒಂದು ಸಂಗತಿಯನ್ನು ತಿಳಿದಿರಬೇಕು. ರಕ್ತಸಂಬಂಧದ ವಿವಾಹದಿಂದ ಹೆಚ್ಚುವುದು ತಂದೆ ತಾಯಿ ಇಬ್ಬರಲ್ಲಿಯೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡುವಂತಹ ಕಾಯಿಲೆಗಳು. ಕೆಲವು ಬಗೆಯ ಕಿವುಡುತನ, ತಲಸೀಮಿಯಾ ಎಂಬ ರಕ್ತದ ಕಾಯಿಲೆ ಇಂಥವು. ಡಬಲ್ ಮಾರ್ಕರಾಗಲಿ, ಸಾಮಾನ್ಯವಾಗಿ ಮಾಡುವ ಎನ್.ಐ.ಪಿ.ಟಿ.ಯಾಗಲಿ ಇವನ್ನು ಕಂಡುಹಿಡಿಯಲಾರವು. ಅವುಗಳ ವರದಿ ಚೆನ್ನಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಮನೆತನದಲ್ಲಿ ಇಂತಹ ಮಕ್ಕಳು ಹುಟ್ಟಿದ್ದರೆ, ಸಾಧ್ಯವಾದಷ್ಟು ಗರ್ಭ ನಿಲ್ಲುವ ಮೊದಲೇ ವೈದ್ಯರಿಗೆ ತಿಳಿಸಿ, ವಂಶವಾಹಿ ತಜ್ಞರ ಸಲಹೆಗೆ ಚೀಟಿ ಬರೆಸಿಕೊಳ್ಳಿರಿ.

ಹಣ ಕೊಟ್ಟ ಪರೀಕ್ಷೆ ದೋಷವನ್ನು ತೋರಿಸಬಲ್ಲದೇ ಹೊರತು ತಡೆಯಲಾರದು. ಮೊದಲ ಮೂರು ತಿಂಗಳು, ಸಾಧ್ಯವಾದರೆ ಗರ್ಭಕ್ಕೆ ಮುಂಚಿನಿಂದಲೇ ಸೇವಿಸುವ ಫೋಲಿಕ್ ಆಮ್ಲದ ಮಾತ್ರೆ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯುತ್ತದೆ. “ಬರೀ ಮಾತ್ರೆ” ಎನ್ನಿಸಿಕೊಳ್ಳುವ ಆ ಮಾತ್ರೆ ಉಚಿತವಾಗಿ ದೊರೆಯುತ್ತದೆ.

ಸ್ಕ್ಯಾನಿಂಗ್ ಎಲ್ಲಿಯೇ ಮಾಡಿಸಿದರೂ ಆ ಕೇಂದ್ರದ ನೋಂದಣಿ ಪತ್ರ ಕಾಣುವಂತೆ ಹಾಕಿರಬೇಕು. ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು 1994ರ ಕಾಯಿದೆಯಂತೆ ಅಪರಾಧ. ಕೇಳಿಸಿಕೊಳ್ಳಲು ಹೋದ ಪತಿಗೂ ಬಂಧುಗಳಿಗೂ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳವರೆಗೆ ದಂಡವುಂಟು. “ಸನ್ನೆಯಿಂದ ಹೇಳುತ್ತೇವೆ, ಇಷ್ಟು ಕೊಡಿ” ಎನ್ನುವ ಕಡೆಯಿಂದ ಎದ್ದು ಬನ್ನಿರಿ. ಅಂಥವರ ಇತರ ವರದಿಗಳನ್ನೂ ನಂಬುವಂತಿಲ್ಲ.

ಒಂದು ಪರೀಕ್ಷೆ ಅಲ್ಲಿ, ಇನ್ನೊಂದು ಇಲ್ಲಿ ಮಾಡಿಸುವುದರಲ್ಲಿ ಸಂಕೋಚ ಬೇಡ. ಹೊರಗೆ ಮಾಡಿಸಿದ ವರದಿಯನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ. ಅದೇ ಪರೀಕ್ಷೆಗೆ ಎರಡನೆಯ ಸಲ ಹಣ ತೆರುವುದು ತಪ್ಪುತ್ತದೆ. ಸೀಮಂತ ಮುಗಿಸಿ ಮಗಳು ತವರಿಗೆ ಹೊರಡುವಾಗ ಸೀರೆ, ಬಳೆಗಳ ಜೊತೆಗೆ ಈ ಕಾರ್ಡೂ ಕಾಗದಗಳೂ ಒಂದೇ ಚೀಲದಲ್ಲಿರಲಿ. ತವರಿನ ಊರಿನ ಆಶಾ ಕಾರ್ಯಕರ್ತೆಗೆ ಅವನ್ನು ಮೊದಲ ವಾರದಲ್ಲಿಯೇ ತೋರಿಸಿರಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಎಂದಿದ್ದರಂತೂ ಕಾರ್ಡಿನ ಮೇಲೆ ಎದ್ದು ಕಾಣುವಂತೆ ಬರೆಸಿರಬೇಕು. ಪಾಸಿಟಿವ್ ಗುಂಪಿನ ಮಗು ಜನಿಸಿದರೆ 72 ಗಂಟೆಗಳೊಳಗೆ ಆಕೆಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡಿಸಬೇಕಾಗುತ್ತದೆ.