ಮೊದಲು ಯಾರ ಚಾರ್ಟ್? ಸರ್ಕಾರಿ ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟ್‌ಗೊಂದು ಕೈಪಿಡಿ

ಸರ್ಕಾರಿ ಆಸ್ಪತ್ರೆಯ ಫಾರ್ಮಸಿಸ್ಟ್ ಎಂದರೆ ಜನರ ಕಣ್ಣಿಗೆ ಬೀಳುವುದು ಔಷಧ ಕೊಡುವ ಕಿಟಕಿ. ಚೀಟಿ ಒಳಗೆ ಹೋಗುತ್ತದೆ, ಮಾತ್ರೆ ಹೊರಗೆ ಬರುತ್ತದೆ. ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ ಮಾಡುವುದು ಆ ಕಿಟಕಿಯಿಂದ ದೂರ, ವಾರ್ಡಿನಲ್ಲಿ. ಬರೆದ ಔಷಧ ಈ ರೋಗಿಗೆ, ಈ ಪ್ರಮಾಣದಲ್ಲಿ, ಈ ಹೊತ್ತಿಗೆ ಸರಿಯೇ ಎಂದು ನೋಡುವುದು, ಸರಿಯಿಲ್ಲದಿದ್ದರೆ ವೈದ್ಯರ ಗಮನಕ್ಕೆ ತರುವುದು, ರೋಗಿ ಮನೆಗೆ ಹೊರಟಾಗ ಔಷಧದ ಲೆಕ್ಕ ಅರ್ಥವಾಗುವಂತೆ ಹೇಳಿ ಕಳಿಸುವುದು ಅವರ ಪಾಲಿನ ಹೊಣೆ.

ಓದಿನಲ್ಲಿ ಇದನ್ನೆಲ್ಲ ಕಲಿಸುತ್ತಾರೆ. ಆದರೆ ಹಾಸಿಗೆಗಳೆಲ್ಲ ತುಂಬಿ, ನೆಲದ ಮೇಲೂ ಚಾಪೆ ಹಾಸಿರುವ ಮೆಡಿಸಿನ್ ವಾರ್ಡಿನಲ್ಲಿ ನಿಂತಾಗ ಎಲ್ಲರ ಚಾರ್ಟನ್ನೂ ಒಂದೇ ಬೆಳಿಗ್ಗೆ ಓದಿ ಮುಗಿಸಲು ಆಗುವುದಿಲ್ಲ. ಯಾರನ್ನು ಮೊದಲು ನೋಡಬೇಕು, ಏನನ್ನು ಮೊದಲು ಕೇಳಬೇಕು ಎಂಬ ಕ್ರಮ ಗೊತ್ತಿದ್ದವರೇ ಇಲ್ಲಿ ಉಪಯೋಗಕ್ಕೆ ಬರುತ್ತಾರೆ. ಆ ಕ್ರಮವನ್ನು ಹಂತ ಹಂತವಾಗಿ ನೋಡೋಣ. ಇಲ್ಲಿರುವ ಪ್ರಮಾಣಗಳು ವಿಧಾನ ತೋರಿಸಲು ಕೊಟ್ಟ ಉದಾಹರಣೆಗಳು. ರೋಗಿಗಳು ಇದನ್ನು ಓದಿ ತಮ್ಮ ಔಷಧವನ್ನು ತಾವೇ ಬದಲಿಸಿಕೊಳ್ಳಬಾರದು.

ಓದು ಮತ್ತು ಪ್ರವೇಶ

ಈ ಕೆಲಸಕ್ಕೆ ನೇರ ದಾರಿ ಫಾರ್ಮ್.ಡಿ. ಭಾರತದಲ್ಲಿ ಈ ಕೋರ್ಸ್ 2008ರ ನಿಯಮಾವಳಿಯೊಂದಿಗೆ ಶುರುವಾಯಿತು. ಪಿಯುಸಿ ವಿಜ್ಞಾನದ ನಂತರ ಒಟ್ಟು 6 ವರ್ಷ. ಕೊನೆಯ ವರ್ಷ ಇಂಟರ್ನ್‌ಶಿಪ್. ಅದರಲ್ಲಿ 6 ತಿಂಗಳು ಜನರಲ್ ಮೆಡಿಸಿನ್, ಉಳಿದ 6 ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ತಲಾ 2 ತಿಂಗಳು. ಬಿ.ಫಾರ್ಮ್ ಮುಗಿಸಿದವರಿಗೆ 3 ವರ್ಷದ ಪೋಸ್ಟ್ ಬ್ಯಾಕಲಾರಿಯೇಟ್ ಫಾರ್ಮ್.ಡಿ. ಇದೆ. ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಎಂ.ಫಾರ್ಮ್ ಮಾಡಿದವರೂ ಇದೇ ಕೆಲಸಕ್ಕೆ ಬರುತ್ತಾರೆ. ಕರ್ನಾಟಕದಲ್ಲಿ ಬಿ.ಫಾರ್ಮ್ ಮತ್ತು ಫಾರ್ಮ್.ಡಿ. ಸೀಟುಗಳಿಗೆ ಸಿಇಟಿ ಬರೆಯಬೇಕು. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ.

ಒಂದು ವಿಷಯ ಮೊದಲೇ ತಿಳಿದಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನೇಮಕಾತಿ ನಡೆಯುವುದು ಬಹುಮಟ್ಟಿಗೆ ಫಾರ್ಮಸಿ ಅಧಿಕಾರಿ ಹುದ್ದೆಗೆ. ‘ಕ್ಲಿನಿಕಲ್ ಫಾರ್ಮಸಿಸ್ಟ್’ ಎಂಬ ಹೆಸರಿನ ಹುದ್ದೆ ವಿರಳ. ಅನೇಕರು ಇಂಟರ್ನ್‌ಗಳಾಗಿ ಅಥವಾ ಫಾರ್ಮಸಿ ಕಾಲೇಜಿನ ಬೋಧಕರಾಗಿ ಈ ವಾರ್ಡುಗಳಿಗೆ ಬರುತ್ತಾರೆ. ಯಾವ ಹೆಸರಿನಲ್ಲಿ ಬಂದರೂ ಮುಂದಿನ ಹಂತಗಳು ಬದಲಾಗುವುದಿಲ್ಲ.

ಹಂತ 1: ಉಗ್ರಾಣದ ಪಟ್ಟಿ ಕೈಯಲ್ಲಿರಲಿ

ವಾರ್ಡಿಗೆ ಹೋಗುವ ಮೊದಲು ಔಷಧ ಉಗ್ರಾಣಕ್ಕೆ ಹೋಗಿ. ಇವತ್ತು ಏನು ದಾಸ್ತಾನಿದೆ, ಯಾವುದು ಮುಗಿದಿದೆ, ಯಾವುದರ ಅವಧಿ ಹತ್ತಿರ ಬಂದಿದೆ ಎಂದು ಬರೆದುಕೊಳ್ಳಿ. ಖಾಸಗಿ ಆಸ್ಪತ್ರೆಯಲ್ಲಿ ‘ಇದರ ಬದಲು ಅದು ಕೊಡಿ’ ಎಂದರೆ ನಡೆಯುತ್ತದೆ. ಇಲ್ಲಿ ಹಾಗೆ ಹೇಳಿದ ಔಷಧ ಉಗ್ರಾಣದಲ್ಲಿ ಇಲ್ಲದಿದ್ದರೆ ರೋಗಿಯ ಮಗ ಹೊರಗಿನ ಅಂಗಡಿಗೆ ಓಡಬೇಕಾಗುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಆ ಹೊತ್ತಿನ ಡೋಸ್ ತಪ್ಪುತ್ತದೆ. ಪರ್ಯಾಯ ಸೂಚಿಸುವಾಗ ಒಳಗೆ ಸಿಗುವುದನ್ನೇ ಮೊದಲು ಯೋಚಿಸಿ. 384 ಔಷಧಗಳಿರುವ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯ ಒಂದು ಪ್ರತಿ ಫೋನಿನಲ್ಲಿರಲಿ.

ಹಂತ 2: ಹಾಸಿಗೆಗಳನ್ನು ಆರಿಸಿ

ಬೆಳಗಿನ ರೌಂಡ್ಸ್‌ಗೆ ಒಂದು ಗಂಟೆ ಮೊದಲೇ ವಾರ್ಡ್ ತಲುಪಿ. ರಾತ್ರಿ ಪಾಳಿಯ ಸಿಸ್ಟರನ್ನು ಕೇಳಿ, ಕೆಳಗಿನವರ ಚಾರ್ಟ್‌ಗಳನ್ನು ಮೊದಲು ತೆಗೆದುಕೊಳ್ಳಿ:

• ನಿನ್ನೆ ರಾತ್ರಿ ದಾಖಲಾದವರು, ಐಸಿಯುನಿಂದ ವಾರ್ಡಿಗೆ ಬಂದವರು. ಜಾಗ ಬದಲಾದಾಗ ಹಳೆಯ ಔಷಧ ಬಿಟ್ಟುಹೋಗುವುದು, ಒಂದೇ ಔಷಧ ಎರಡು ಹೆಸರಲ್ಲಿ ಬರುವುದು ಸಾಮಾನ್ಯ.
• ಕಿಡ್ನಿ ಅಥವಾ ಲಿವರ್ ಕೆಲಸ ಕುಂದಿದವರು.
• ಇನ್ಸುಲಿನ್, ಹೆಪರಿನ್, ವಾರ್ಫರಿನ್, ಡಿಗಾಕ್ಸಿನ್, ಫೆನಿಟಾಯಿನ್ ಪಡೆಯುತ್ತಿರುವವರು.
• ಎಳೆಗೂಸುಗಳು, ಗರ್ಭಿಣಿಯರು, ಹಾಲೂಡಿಸುವ ಬಾಣಂತಿಯರು, 65 ದಾಟಿದವರು.
• ಐದಕ್ಕಿಂತ ಹೆಚ್ಚು ಔಷಧ ನಡೆಯುತ್ತಿರುವವರು.
• ಇವತ್ತು ಡಿಸ್ಚಾರ್ಜ್ ಆಗುವವರು.

ಉಳಿದವರನ್ನು ಮಧ್ಯಾಹ್ನ ನೋಡಬಹುದು.

ಹಂತ 3: ಮನೆಯ ಔಷಧ ಕೇಳಿ

ಕೇಸ್ ಶೀಟಿನಲ್ಲಿ ‘ಡಯಾಬಿಟಿಸ್, ಚಿಕಿತ್ಸೆಯಲ್ಲಿದ್ದಾರೆ’ ಎಂದಷ್ಟೇ ಇರುತ್ತದೆ. ಯಾವ ಮಾತ್ರೆ, ಎಷ್ಟು ಮಿ.ಗ್ರಾಂ. ಎಂಬುದು ರೋಗಿಯ ತಲೆದಿಂಬಿನ ಪಕ್ಕದ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಚೀಲ ಬಿಚ್ಚಿಸಿ. ತಂದಿಲ್ಲವಾದರೆ ಮನೆಯವರಿಗೆ ಫೋನ್ ಮಾಡಿಸಿ, ಸ್ಟ್ರಿಪ್‌ನ ಫೋಟೊ ತರಿಸಿಕೊಳ್ಳಿ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಉತ್ತರ ಇದೆ. ‘ಮಾತ್ರೆ ಸರಿಯಾಗಿ ತಗೋತೀರಾ?’ ಎಂದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ‘ಅಮ್ಮಾ, ಹೋದ ವಾರ ಎಷ್ಟು ದಿನ ಮಾತ್ರೆ ತಪ್ಪಿತು?’ ಎಂದು ಕೇಳಿದರೆ ನಿಜ ಬರುತ್ತದೆ. ‘ಮಂಡಿ ನೋವಿಗೆ ಅಂಗಡೀಲಿ ಏನಾದ್ರೂ ತಗೊಂಡು ನುಂಗ್ತಿದ್ರಾ?’ ಎಂದು ಬಿಡಿಸಿ ಕೇಳಿ. ಬಿಪಿಗೆ ಎನಲಾಪ್ರಿಲ್, ಕಾಲಿನ ಬಾವಿಗೆ ಫ್ರುಸಮೈಡ್ ನುಂಗುವವರು ಅದರ ಮೇಲೆ ಅಂಗಡಿಯ ಡೈಕ್ಲೊಫೆನಾಕ್ ಸೇರಿಸಿದರೆ ಮೂರೂ ಕೂಡಿ ಕಿಡ್ನಿಗೆ ಪೆಟ್ಟು ಕೊಡಬಹುದು. ನೋವಿನ ಮಾತ್ರೆಯನ್ನು ಔಷಧವೆಂದೇ ಎಣಿಸದ ರೋಗಿ ಅದನ್ನು ತಾನಾಗಿ ಹೇಳುವುದಿಲ್ಲ. ನಾಟಿ ಔಷಧ, ಕಷಾಯ, ಭಸ್ಮಗಳ ಬಗ್ಗೆಯೂ ಬೈಯದೆ ಕೇಳಿ. ಒಮ್ಮೆ ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಯಾವುದಾದರೂ ಔಷಧಕ್ಕೆ ಹಿಂದೆ ಅಲರ್ಜಿ ಆಗಿದ್ದರೆ ಔಷಧದ ಹೆಸರಿನ ಜೊತೆ ಏನಾಯಿತು ಎಂಬುದನ್ನೂ ಬರೆಯಿರಿ. ಹೊಟ್ಟೆ ತೊಳಸಿದ್ದಕ್ಕೂ ಮುಖ ಊದಿಕೊಂಡು ಉಸಿರು ಕಟ್ಟಿದ್ದಕ್ಕೂ ವ್ಯತ್ಯಾಸ ದೊಡ್ಡದು.

ಹಂತ 4: ಚಾರ್ಟನ್ನು ಒಂದೇ ಕ್ರಮದಲ್ಲಿ ಓದಿ

ಪ್ರತಿ ಸಲವೂ ಇದೇ ಐದು ಪ್ರಶ್ನೆ ಹಾಕಿಕೊಳ್ಳಿ. ಪ್ರತಿ ಔಷಧಕ್ಕೂ ಕಾರಣವಿದೆಯೇ? ಇರುವ ಪ್ರತಿ ಕಾಯಿಲೆಗೂ ಔಷಧವಿದೆಯೇ? ಪ್ರಮಾಣ ಸರಿಯೇ? ಒಂದರ ಜೊತೆ ಇನ್ನೊಂದು ಹೊಂದುತ್ತದೆಯೇ? ಎಷ್ಟು ದಿನ ನಡೆಯಬೇಕು?

ಪ್ರಮಾಣದ ಪ್ರಶ್ನೆಯಲ್ಲಿ ಹೆಚ್ಚು ಎಡವುವುದು ಕಿಡ್ನಿಯ ವಿಷಯದಲ್ಲಿ. 70 ವರ್ಷದ, 40 ಕೆ.ಜಿ. ತೂಕದ ಅಜ್ಜಿಯ ಸೀರಮ್ ಕ್ರಿಯಾಟಿನಿನ್ 1.2 ಎಂದುಕೊಳ್ಳಿ. ವರದಿ ನೋಡಿದವರಿಗೆ ಗಾಬರಿಯಾಗುವ ಅಂಕಿ ಅದಲ್ಲ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ ನೋಡಿ: 140ರಿಂದ ವಯಸ್ಸು ಕಳೆದರೆ 70, ಅದನ್ನು ತೂಕ 40ರಿಂದ ಗುಣಿಸಿದರೆ 2,800, 72 ಗುಣಿಸು 1.2 ಅಂದರೆ 86.4ರಿಂದ ಭಾಗಿಸಿದರೆ 32.4, ಹೆಂಗಸಾದ್ದರಿಂದ 0.85ರಿಂದ ಗುಣಿಸಿ. ಬರುವ ಉತ್ತರ, ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್, ನಿಮಿಷಕ್ಕೆ ಸುಮಾರು 27.5 ಮಿ.ಲೀ. ಎನಾಕ್ಸಪರಿನ್ ಚಿಕಿತ್ಸೆಯ ಡೋಸ್ ಕೆ.ಜಿ.ಗೆ 1 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಸಲ. ಕ್ಲಿಯರೆನ್ಸ್ 30ಕ್ಕಿಂತ ಕೆಳಗಿಳಿದರೆ ಒಂದೇ ಸಲ. ಸೂತ್ರಕ್ಕೆ ತೂಕ ಬೇಕು, ಅನೇಕ ಚಾರ್ಟ್‌ಗಳಲ್ಲಿ ತೂಕವೇ ಇರುವುದಿಲ್ಲ. ರೋಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದೇ ಕೆಲವು ದಿನ ನೀವು ಮಾಡುವ ಅತ್ಯಂತ ಉಪಯುಕ್ತ ಕೆಲಸವಾಗಬಹುದು.

ಹೊಂದಾಣಿಕೆಯ ಪ್ರಶ್ನೆಯಲ್ಲಿ ನಮ್ಮ ವಾರ್ಡುಗಳಲ್ಲಿ ಮರೆಯಬಾರದ ಹೆಸರು ರಿಫಾಂಪಿಸಿನ್. ಈ ಔಷಧವಿರುವ ಟಿಬಿ ಚಿಕಿತ್ಸೆ ಶುರುವಾದರೆ ವಾರ್ಫರಿನ್‌ನ ಪರಿಣಾಮ ತಗ್ಗುತ್ತದೆ, ಗರ್ಭನಿರೋಧಕ ಮಾತ್ರೆಯನ್ನು ನೆಚ್ಚಲಾಗದು. ಇದಕ್ಕೆ ತದ್ವಿರುದ್ಧ ಮೆಟ್ರೊನಿಡಜೋಲ್: ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಆ್ಯಂಟಿಬಯೋಟಿಕ್ ಇದ್ದರೆ ‘ಇವತ್ತು ಎಷ್ಟನೇ ದಿನ? ಕಲ್ಚರ್ ವರದಿ ಬಂತೇ?’ ಎಂಬುದನ್ನು ಕೇಳದೆ ಮುಂದಿನ ಹಾಸಿಗೆಗೆ ಹೋಗಬೇಡಿ.

ಹಂತ 5: ವೈದ್ಯರಿಗೆ ಹೇಳುವ ರೀತಿ

ತೊಂದರೆ ಕಂಡುಹಿಡಿಯುವುದಕ್ಕಿಂತ ಅದನ್ನು ಒಪ್ಪುವಂತೆ ಹೇಳುವುದು ಕಷ್ಟ. ರೌಂಡ್ಸ್‌ನಲ್ಲಿ ಎಲ್ಲರ ಮುಂದೆ, ರೋಗಿಯ ಎದುರು ‘ಡೋಸ್ ತಪ್ಪಾಗಿದೆ’ ಎಂದರೆ ಕೆಲಸ ಕೆಡುತ್ತದೆ. ಔಷಧ ಬರೆದ ಪಿ.ಜಿ. ಅಥವಾ ಡ್ಯೂಟಿ ಡಾಕ್ಟರನ್ನು ಮೊದಲು ಪಕ್ಕಕ್ಕೆ ಕರೆದು ಮಾತಾಡಿ. ಅಂಕಿ, ತೊಂದರೆ, ಪರಿಹಾರ: ಈ ಮೂರು ಅರ್ಧ ನಿಮಿಷದಲ್ಲಿ ಬರಲಿ.

‘ಮೇಡಂ, 14ನೇ ಬೆಡ್ಡಿನ ಅಜ್ಜಿಗೆ ಕ್ರಿಯಾಟಿನಿನ್ 1.2, ತೂಕ 40. ಲೆಕ್ಕ ಹಾಕಿದ್ರೆ ಕ್ಲಿಯರೆನ್ಸ್ 30ರ ಒಳಗೆ ಬರ್ತಿದೆ. ಎನಾಕ್ಸಪರಿನ್ ಎರಡು ಸಲ ನಡೀತಿದೆ. ಒಂದು ಸಲಕ್ಕೆ ಇಳಿಸಬಹುದಾ, ಒಮ್ಮೆ ನೋಡ್ತೀರಾ?’

ನಿರ್ಧಾರ ವೈದ್ಯರದು. ಅವರು ಬೇಡವೆಂದರೆ ಕಾರಣ ಕೇಳಿ ತಿಳಿದುಕೊಳ್ಳಿ. ಚಾರ್ಟಿನಲ್ಲಿ ಇಲ್ಲದ ಸಂಗತಿ ಅವರಿಗೆ ಗೊತ್ತಿರಬಹುದು. ಆದರೆ ಜೀವಕ್ಕೆ ಅಪಾಯವೆಂದು ಖಾತ್ರಿಯಿದ್ದರೆ ಸುಮ್ಮನಿರಬೇಡಿ, ಯೂನಿಟ್ ಮುಖ್ಯಸ್ಥರ ಗಮನಕ್ಕೆ ತನ್ನಿ. ಚಾರ್ಟನ್ನು ಮಾತ್ರ ನೀವೇ ತಿದ್ದಬೇಡಿ.

ಹಂತ 6: ಇಂಜೆಕ್ಷನ್ ಟ್ರೇ ಬಳಿ ನಿಲ್ಲಿ

ಚೀಟಿ ಸರಿಯಿದ್ದರೂ ಕೊಡುವಾಗ ತಪ್ಪಬಹುದು. ಇಲ್ಲಿ ನಿಮ್ಮ ಜೊತೆಗಾರರು ಸ್ಟಾಫ್ ನರ್ಸ್‌ಗಳು. ಅವರ ಕೆಲಸ ಪರೀಕ್ಷಿಸುವವರಂತೆ ಹೋಗದೆ, ಗೋಡೆಗೆ ಅಂಟಿಸಲು ಒಂದು ಹಾಳೆ ತಯಾರಿಸಿ ಕೊಡಿ. ಅದರಲ್ಲಿ ಇವು ಇರಲಿ:

• ಇನ್ಸುಲಿನ್: ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. 40ರ ಬಾಟಲಿಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಪೆನ್ನಿನ ಕಾರ್ಟ್ರಿಜ್‌ನಿಂದ ಆ ಸಿರಿಂಜಿಗೆ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್.
• ಪೊಟ್ಯಾಸಿಯಂ ಕ್ಲೋರೈಡ್: ಆಂಪೂಲಿನಿಂದ ನೇರವಾಗಿ ರಕ್ತನಾಳಕ್ಕೆ ಎಂದಿಗೂ ಕೊಡಬಾರದು, ಹೃದಯ ನಿಲ್ಲಬಹುದು. ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿಯೇ ಕೊಡಬೇಕು. ಬೇರೆ ಆಂಪೂಲ್‌ಗಳ ಜೊತೆ ಇಡಬಾರದು.
• ಫೆನಿಟಾಯಿನ್: ನಾರ್ಮಲ್ ಸಲೈನ್‌ನಲ್ಲಿ ಮಾತ್ರ. ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ.
• ವ್ಯಾಂಕೊಮೈಸಿನ್: ನಿಮಿಷಕ್ಕೆ 10 ಮಿ.ಗ್ರಾಂ. ಮೀರಬಾರದು, 1 ಗ್ರಾಂ ಹೋಗಲು 100 ನಿಮಿಷ ಬೇಕು. ಅವಸರ ಮಾಡಿದರೆ ಮುಖ, ಕತ್ತು ಕೆಂಪೇರಿ ಬಿಪಿ ಇಳಿಯಬಹುದು.
• ಸೆಫ್ಟ್ರಿಯಾಕ್ಸೋನ್: ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ, ಅದರ ಜೊತೆ ಬೆರೆಸಬಾರದು. ಕ್ಯಾಲ್ಸಿಯಂ ಡ್ರಿಪ್ ಬೇಕಿರುವ ನವಜಾತ ಶಿಶುವಿಗೆ ಈ ಔಷಧವೇ ಸಲ್ಲದು.

ಹಂತ 7: ಅಡ್ಡಪರಿಣಾಮ ಕಂಡರೆ ವರದಿ

ಮೈಮೇಲೆ ದದ್ದು, ಇದ್ದಕ್ಕಿದ್ದಂತೆ ಕಾಮಾಲೆ, ತಲೆಸುತ್ತಿ ಬಿದ್ದದ್ದು: ಇವು ಕಾಯಿಲೆಯಿಂದಲೇ ಬಂದವೋ ಔಷಧದಿಂದಲೋ ಎಂದು ಅನುಮಾನಿಸುವುದು ನಿಮ್ಮ ಕೆಲಸ. ಶುರುವಾದ ದಿನ, ಔಷಧ ಆರಂಭಿಸಿದ ದಿನ, ನಿಲ್ಲಿಸಿದ ಮೇಲೆ ಕಡಿಮೆಯಾಯಿತೇ ಎಂಬುದನ್ನು ಬರೆದುಕೊಳ್ಳಿ. ಹತ್ತು ಪ್ರಶ್ನೆಗಳ ನರಾಂಜೊ ಮಾಪಕದಲ್ಲಿ 9 ಅಥವಾ ಹೆಚ್ಚು ಅಂಕ ಬಂದರೆ ಔಷಧದ್ದೇ ಎಂಬುದು ಖಚಿತ, 5ರಿಂದ 8 ಬಂದರೆ ಸಂಭವ ಹೆಚ್ಚು, 1ರಿಂದ 4 ಬಂದರೆ ಇರಬಹುದು.

2010ರಲ್ಲಿ ಶುರುವಾದ ಭಾರತದ ಔಷಧ ಜಾಗ್ರತಾ ಕಾರ್ಯಕ್ರಮಕ್ಕೆ ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ರಾಷ್ಟ್ರೀಯ ಕೇಂದ್ರ. ವರದಿಗೆ ನಾಲ್ಕು ಸಂಗತಿ ಸಾಕು: ಯಾವ ರೋಗಿ, ಯಾವ ಔಷಧ, ಏನಾಯಿತು, ವರದಿ ಮಾಡಿದವರು ಯಾರು. ಬ್ಯಾಚ್ ಸಂಖ್ಯೆ ಸಿಕ್ಕರೆ ಸೇರಿಸಿ. ರೋಗಿಯ ಪೂರ್ಣ ಹೆಸರು ಬೇಡ, ಇನಿಷಿಯಲ್ ಸಾಕು. ಖಚಿತ ಪುರಾವೆ ಸಿಗಲೆಂದು ಕಾಯಬೇಕಿಲ್ಲ, ಅನುಮಾನವಿದ್ದರೆ ಕಳಿಸಬಹುದು. ಶುಲ್ಕವಿಲ್ಲದ ಸಹಾಯವಾಣಿ 1800-180-3024. ರೋಗಿಗಳೂ ವರದಿ ಮಾಡಬಹುದು, ಅವರಿಗೆ ಕನ್ನಡದಲ್ಲೂ ನಮೂನೆ ಇದೆ.

ಹಂತ 8: ಡಿಸ್ಚಾರ್ಜ್ ದಿನದ ಹತ್ತು ನಿಮಿಷ

ರೋಗಿಗೆ ತಿಳಿವಳಿಕೆ ಕೊಡುವುದನ್ನು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವಾಗಿಸಿದೆ. ಚೀಟಿಯಲ್ಲಿನ ‘1-0-1’ ಓದುಬಾರದವರಿಗೆ ಏನೂ ಹೇಳುವುದಿಲ್ಲ. ಸ್ಟ್ರಿಪ್ ಇಡುವ ಕವರಿನ ಮೇಲೆ ಸೂರ್ಯ, ಚಂದ್ರ ಬರೆಯಿರಿ. ‘ಊಟದ ನಂತರ’ ಎನ್ನುವ ಮೊದಲು ಊಟ ಎಷ್ಟು ಹೊತ್ತಿಗೆ ಎಂದು ಕೇಳಿ. ಹೊಲಕ್ಕೆ ಹೋಗುವವರಿಗೆ ಬೆಳಗಿನ ಊಟ ಹತ್ತಕ್ಕೂ ಆಗಬಹುದು.

ಕೆಲವು ಔಷಧಗಳಿಗೆ ತಪ್ಪದೆ ಎಚ್ಚರಿಕೆ ಹೇಳಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ. ಆ ದಿನದ ಹೆಸರನ್ನು ದೊಡ್ಡದಾಗಿ ಬರೆದುಕೊಡಿ. ದಿನವೂ ನುಂಗಿದರೆ ಪ್ರಾಣಾಪಾಯ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಿ ನಿಲ್ಲಿಸಬೇಡಿ ಎಂದು ಹೇಳಿ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಗೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ 4 ಗಂಟೆ ಅಂತರ. ಇನ್ಹೇಲರ್‌ಗೆ ಹಾಕುವ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರಿದ್ದಾರೆ, ಕೈಯಲ್ಲಿ ಹಿಡಿಸಿ ಮಾಡಿಸಿ ನೋಡಿ.

ಕೊನೆಗೆ ‘ಅರ್ಥ ಆಯ್ತಾ?’ ಎನ್ನಬೇಡಿ. ‘ಮನೆಗೆ ಹೋದ ಮೇಲೆ ಸೊಸೆಗೆ ಇದನ್ನ ಹೇಗೆ ಹೇಳ್ತೀರಿ? ನನಗೊಮ್ಮೆ ಹೇಳಿ ನೋಡೋಣ’ ಎನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ಮತ್ತೆ ಹೇಳಿ.

ಹಂತ 9: ಬರೆದಿಡಿ

ಪ್ರತಿ ಸೂಚನೆಯನ್ನೂ ಒಂದು ಸಾಲಿನಲ್ಲಿ ದಾಖಲಿಸಿ: ದಿನಾಂಕ, ವಾರ್ಡ್, ಔಷಧ, ತೊಂದರೆ, ಸೂಚನೆ, ವೈದ್ಯರು ಒಪ್ಪಿದರೇ ಇಲ್ಲವೇ, ರೋಗಿಗೆ ಏನಾಯಿತು. ತಿಂಗಳ ಕೊನೆಗೆ ಅದನ್ನು ಒಂದೇ ಪುಟಕ್ಕೆ ಇಳಿಸಿ. ಯಾವ ತಪ್ಪು ಪದೇ ಪದೇ ಬರುತ್ತಿದೆ, ಯಾವ ವಾರ್ಡಿನಲ್ಲಿ, ಅದಕ್ಕೆ ಏನು ಮಾಡಬಹುದು ಎಂಬಷ್ಟು ಸಾಕು. ಯಾರ ಹೆಸರೂ ಬೇಡ. ಆ ಪುಟವನ್ನು ವೈದ್ಯಕೀಯ ಅಧೀಕ್ಷಕರಿಗೆ ಮತ್ತು ಆಸ್ಪತ್ರೆಯ ಔಷಧ ಸಮಿತಿಗೆ ಕೊಡಿ.

ಕ್ಲಿನಿಕಲ್ ಫಾರ್ಮಸಿಸ್ಟ್ ಹುದ್ದೆ ಬೇಕೆಂಬ ಮನವಿಗಳಿಗೆ ಬರುವ ಮೊದಲ ಪ್ರಶ್ನೆ ‘ಅವರು ಮಾಡುವುದೇನು?’ ಎಂಬುದು. ಒಳ್ಳೆಯ ಕೆಲಸ ಮಾಡಿದ ದಿನ ವಾರ್ಡಿನಲ್ಲಿ ಏನೂ ಸಂಭವಿಸಿರುವುದಿಲ್ಲ. ಆಗದೇ ಹೋದ ತೊಂದರೆಗೆ ಬೇರೆ ಸಾಕ್ಷಿ ಇರುವುದಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ತೋರಿಸಲು ಸಾಧ್ಯವಿರುವುದು ತಿಂಗಳು ತಿಂಗಳಿನ ಈ ಪುಟಗಳನ್ನೇ. ಮೊದಲ ತಿಂಗಳಿನಿಂದಲೇ ಶುರುಮಾಡಿ.